ಒಂದನೇ ನಂಬರಿನ ಬಿಲ್ಲೆ

ನಮ್ಮ ಅಪ್ಪನ ಜೊತೆ ರಜೆಗೆ ಹೋಗುವುದೂ ಒಂದೇ, ಡ್ಯೂಟಿಗೆ ಹೋಗುವುದೂ ಒಂದೇ. ಮೂವತ್ತು ಚಿಲ್ಲರೆ ವರ್ಷ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತನಾದ ಮನುಷ್ಯ. ಕಂಪನಿ ಕ್ವಾರ್ಟರ್ಸ್ ಬಿಟ್ಟು ಸಿಂಧನೂರಿನ ನಮ್ಮ ಮನೆಗೆ ಬಂದು ಎಷ್ಟೋ ಕಾಲವಾದರೂ ದಿನವನ್ನು ಇವತ್ತಿಗೂ ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು, ನೈಟ್ ಶಿಫ್ಟು ಎಂದೇ ಭಾಗ ಮಾಡುತ್ತಾನೆ. "ಸೆಕೆಂಡ್ ಶಿಫ್ಟಿಗೆ ಬೀಗರು ಬರ್ತಾರ" ಎಂದರೆ ಮಧ್ಯಾಹ್ನದ ಊಟ ಮುಗಿದ ಮೇಲೆ ಎಂದು ನಾವು ತಿಳಿದುಕೊಳ್ಳಬೇಕು.

ಹೋದ ವರ್ಷ ದಸರಾ ರಜೆಯಲ್ಲಿ ನಾವು ನಾಲ್ವರು ಮುಕ್ಕುಂದದಲ್ಲಿ ನಾಲ್ಕು ದಿನ ಇದ್ದು ಬಂದೆವು. ಅಪ್ಪ, ಅವ್ವ, ನಾನು, ಆರನೇ ಕ್ಲಾಸಿನ ನನ್ನ ಮಗಳು. ನಮ್ಮ ಮನೆಯವರು ರಜೆ ಮಂಜೂರಾಗಲಿಲ್ಲ ಎಂದು ಹೇಳಿ ಜಾಣತನದಿಂದ ತಪ್ಪಿಸಿಕೊಂಡರು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಮೇಡಂ ಒಬ್ಬರದು ಮುಕ್ಕುಂದದಲ್ಲಿ ಗದ್ದೆಯಿರುವ ಮನೆತನ. ಅವರ ಗದ್ದೆಯ ಬದುವಿನಲ್ಲಿ, ತುಂಗಭದ್ರೆಗೆ ಕೂಗಳತೆಯಲ್ಲಿ, ಒಂದು ತಗಡಿನ ಕ್ಯಾಬಿನ್ ಇತ್ತು. ಯಾವುದೋ ರಸ್ತೆ ಕೆಲಸದ ಕಾಲದಲ್ಲಿ ಇಂಜಿನಿಯರುಗಳು ಕೂರುತ್ತಿದ್ದ ಆಫೀಸಂತೆ ಅದು. ಕೆಲಸ ಮುಗಿದ ಮೇಲೆ ಇವರು ತಂದು ಒಳಗೆ ಎರಡು ಮಂಚ, ಒಂದು ಗ್ಯಾಸ್ ಒಲೆ, ಒಂದು ಫ್ಯಾನು ಹಾಕಿಸಿ, ಮುಂದೆ ತಗಡಿನ ಚಪ್ಪರ ಇಳಿಸಿ, ಬಂದ ನೆಂಟರಿಗೆ ಬಿಟ್ಟುಕೊಡುತ್ತಿದ್ದರು. ಹೊರಗೆಲ್ಲ ಹಸಿರು ಬಣ್ಣ ಬಳಿಸಿದ್ದರೂ ಬಾಗಿಲ ಮೇಲಿನ ಹಳೆಯ ಬರಹವನ್ನು ಯಾಕೋ ಅಳಿಸಿರಲಿಲ್ಲ. "ಪರವಾನಿಗೆ ಇಲ್ಲದೆ ಒಳಗೆ ಬರಬಾರದು" ಎಂದು ಕೆಂಪು ಅಕ್ಷರದಲ್ಲಿತ್ತು.

ಅಪ್ಪ ಅದನ್ನು ಎರಡೆರಡು ಸಲ ಓದಿ ಹಿರಿಹಿರಿ ಹಿಗ್ಗಿದ. "ಇದು ನೋಡವ್ವಾ ಜಾಗ ಅಂದ್ರ. ಒಂದು ಶಿಸ್ತು ಐತಿ."

ಚೀಲದಿಂದ ಆಗ ಹೊರಬಂತು ಬಿಲ್ಲೆಗಳ ಹಲಗೆ. ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ಬಿಲ್ಲೆ ಎಂದರೇನೆಂದು ಹೇಳಿಬಿಡುತ್ತೇನೆ. ಗಣಿಯಲ್ಲಿ ಕೆಳಗಿಳಿಯುವ ಪ್ರತಿಯೊಬ್ಬನಿಗೂ ನಂಬರಿರುವ ಒಂದು ಹಿತ್ತಾಳೆಯ ಬಿಲ್ಲೆ. ಇಳಿಯುವ ಮುಂಚೆ ಅದನ್ನು ಹಲಗೆಯ ಮೊಳೆಗೆ ತೂಗುಹಾಕಬೇಕು, ಮೇಲೆ ಬಂದ ಮೇಲೆ ತಾನೇ ತನ್ನ ಕೈಯಿಂದ ತೆಗೆದುಕೊಳ್ಳಬೇಕು. ಶಿಫ್ಟು ಮುಗಿದಾಗ ಮೊಳೆಯಲ್ಲಿ ಒಂದು ಬಿಲ್ಲೆ ಉಳಿದಿದೆಯೆಂದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ಅಪ್ಪ ಕೊನೆಯ ಕೆಲವು ವರ್ಷ ಮೇಲೆ ಆ ಬಿಲ್ಲೆಯ ಕಿಟಕಿಯಲ್ಲೇ ಕೆಲಸ ಮಾಡಿದವನು. ಒಮ್ಮೆ ಹೀಗೇ ಒಂದು ಬಿಲ್ಲೆ ಉಳಿದುಬಿಟ್ಟಿತಂತೆ. ಕೆಳಗೆಲ್ಲ ಹುಡುಕಾಟ, ಕೂಗಾಟ. ಅಪ್ಪನಿಗೆ ಏನೋ ಹೊಳೆದು ಕಾಲೋನಿಗೆ ನಡೆದು ನೋಡಿದರೆ ಆ ಪುಣ್ಯಾತ್ಮ ಮನೆಯಲ್ಲಿ ಆರಾಮವಾಗಿ ರೊಟ್ಟಿ ಮುರಿಯುತ್ತ ಕೂತಿದ್ದಾನೆ! ಬಿಲ್ಲೆ ತೆಗೆದುಕೊಳ್ಳುವುದನ್ನು ಮರೆತು ಬಂದಿದ್ದ. ಅಪ್ಪ ಅವನಿಗೆ ಕೈ ತೊಳೆಸಿ, ದಾರಿಯುದ್ದಕ್ಕೂ ಬೈದು, ಕರೆತಂದು, ಅವನ ಕೈಯಿಂದಲೇ ಬಿಲ್ಲೆ ತೆಗೆಸಿದ. ಈ ಕಥೆಯನ್ನು ನಾನು ಕೇಳಿದಷ್ಟು ಸಲ ನನ್ನ ವಿದ್ಯಾರ್ಥಿಗಳು ಪಾಣಿಪತ್ತಿನ ಯುದ್ಧದ ಕಥೆಯನ್ನೂ ಕೇಳಿಲ್ಲ.

ಈಗ ಅದೇ ಮನುಷ್ಯ ಹಟ್ಟಿ ಬಜಾರಿನಲ್ಲಿ ನಾಲ್ಕು ಬಿಲ್ಲೆ ಮಾಡಿಸಿ, ನಂಬರು ಕೊರೆಸಿ, ರಜೆಗೆ ತಂದಿದ್ದ. ಅವ್ವನಿಗೆ ಒಂದನೇ ನಂಬರು, ತನಗೆ ಎರಡನೆಯದು, ನನಗೆ ಮೂರನೆಯದು, ಮೊಮ್ಮಗಳಿಗೆ ನಾಲ್ಕನೆಯದು. ಕ್ಯಾಬಿನ್ ಬಿಟ್ಟು ಹೊರಗೆ ಹೋಗುವವರು ಬಿಲ್ಲೆಯನ್ನು ಮೊಳೆಗೆ ಹಾಕಬೇಕು. ಬಂದ ಮೇಲೆ ತೆಗೆದು ಹತ್ತಿರ ಇಟ್ಟುಕೊಳ್ಳಬೇಕು. ಒಬ್ಬರ ಬಿಲ್ಲೆ ಇನ್ನೊಬ್ಬರು ಮುಟ್ಟಕೂಡದು.

"ಹೊಳಿ ಬಾಜೂಕ ಐತಿ, ಹುಲ್ಲಾಗ ಹುಳಾ ಹುಪ್ಪಡಿ ಇರ್ತಾವ. ಯಾರು ಎಲ್ಲಿ ಅದಾರ ಅಂತ ಖಬರ್ ಬೇಕಲ್ಲ?" ಎಂದ.

"ಬಯಲಕಡಿಗೆ ಹೋಗಬೇಕಾದ್ರೂ ಹಾಕಬೇಕೇನ್ರೀ?" ಅವ್ವ ಕೇಳಿದಳು.

"ಹಾಕಬೇಕು."

ಮಗಳಿಗಂತೂ ಹೊಸ ಆಟ ಸಿಕ್ಕಿತು. ಚಪ್ಪರದಿಂದ ಇಳಿದು ಹತ್ತು ಹೆಜ್ಜೆ ಹೋಗಿ ಬರುವುದಕ್ಕೂ ಹಾಕಿ ತೆಗೆದು ಟಣ್ ಟಣ್ ಮಾಡತೊಡಗಿದಳು.

ಹೊರಡುವ ಮುಂಚೆಯೇ ಅವ್ವ ತನ್ನ ಮಾತನ್ನು ಸ್ಪಷ್ಟವಾಗಿ ಹೇಳಿಬಿಟ್ಟಿದ್ದಳು. "ನೀವು ಏನ್ ಬೇಕಾದ್ದು ನೋಡ್ರಿ. ನನಗ ಮಸ್ಕಿ ಕಲ್ಲು ತೋರಿಸ್ರಿ. ಅದನ್ನ ನೋಡದs ಮನಿಗೆ ಬರಂಗಿಲ್ಲ."

ಮಸ್ಕಿಯ ಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಸಾಮ್ರಾಟನ ಶಾಸನವಿರುವುದು ಎಲ್ಲರಿಗೂ ಗೊತ್ತು. ನಮ್ಮದು ಬುದ್ಧನ ಫೋಟೋ ಮುಂದೆ ಊದಿನಕಡ್ಡಿ ಹಚ್ಚುವ ಮನೆ. ಅವ್ವ ಮದುವೆಯಾಗಿ ಹಟ್ಟಿಗೆ ಬಂದ ಹೊಸದರಲ್ಲಿ ಏಪ್ರಿಲ್ ತಿಂಗಳ ಜಯಂತಿಯ ದಿನ ಕಾಲೋನಿಯಲ್ಲಿ ಭಾಷಣ ಮಾಡಿದವರೊಬ್ಬರು, ಬುದ್ಧನ ದಾರಿ ಹಿಡಿದ ರಾಜ ನಮ್ಮ ಪಕ್ಕದ ಊರಿನ ಕಲ್ಲಿನ ಮೇಲೆ ಬರೆಸಿದ್ದಾನೆ, ಅದು ನಮ್ಮಂಥವರಿಗಾಗಿಯೇ ಬರೆಸಿದ್ದು, ಎಲ್ಲರೂ ಒಮ್ಮೆ ಹೋಗಿ ನೋಡಿ ಬನ್ನಿ ಎಂದಿದ್ದರಂತೆ. ಅದು ಅವ್ವನ ಮನಸ್ಸಿನಲ್ಲಿ ನೆಟ್ಟುಬಿಟ್ಟಿತು. ಮೂರು ಸಲ ಹೊರಟಿದ್ದಾಳೆ. ಮೊದಲ ಸಲ ಸೀರೆ ಉಟ್ಟು ನಿಂತಾಗ ಅಪ್ಪನಿಗೆ ಡಬಲ್ ಡ್ಯೂಟಿ ಬಂತು. ಎರಡನೇ ಸಲ ನನಗೆ ಜ್ವರ. ಮೂರನೇ ಸಲ ಮಸ್ಕಿ ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಮಂಡಾಳ ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ತಿಂದು, ಅಷ್ಟರಲ್ಲಿ ಸೆಕೆಂಡ್ ಶಿಫ್ಟಿಗೆ ಹೊತ್ತಾಯಿತೆಂದು ಇಬ್ಬರೂ ಸಿಕ್ಕ ಬಸ್ಸು ಹತ್ತಿ ವಾಪಸ್ಸಾದರು.

ಅದಾದ ಮೇಲೆ ಬಸ್ಸಿನ ಕಿಟಕಿಯಿಂದ ಆ ಗುಡ್ಡವನ್ನು ಅವ್ವ ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ಹಟ್ಟಿಯಿಂದ ಸಿಂಧನೂರಿಗೆ ಬರುವ ದಾರಿಯೇ ಅದು. ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ವರ್ಷವರ್ಷವೂ ಆ ಶಾಸನದ ಪಾಠ ಮಾಡುತ್ತೇನೆ, ಶಾಲೆಯ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡೂ ಹೋಗಿದ್ದೆ. ಹೆತ್ತ ತಾಯಿಯನ್ನು ಕರೆದೊಯ್ಯಲಿಲ್ಲ. ಹತ್ತಿರದ್ದೇ ತಾನೆ, ಯಾವಾಗಲಾದರೂ ಆದೀತು ಎಂದುಕೊಂಡೇ ಕಾಲ ಕಳೆದುಬಿಟ್ಟೆ. ಈ ನಡುವೆ ಅವ್ವನ ಮೊಣಕಾಲು ತಿಂಗಳಿಂದ ತಿಂಗಳಿಗೆ ಕೆಡುತ್ತ ಬಂತು. ಈ ವರ್ಷ ಹತ್ತಿದರೆ ಹತ್ತಿದಳು, ಮುಂದಿನ ವರ್ಷ ಆಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆದರೆ ಪ್ರವಾಸದ ಪಟ್ಟಿ ಬರೆದವನು ಅಪ್ಪ. ಮೊದಲ ದಿನ ಮುಕ್ಕುಂದದ ಹಳೆಯ ಗುಡಿ ಮತ್ತು ಹೊಳೆ, ಎರಡನೇ ದಿನ ಮುದಗಲ್ಲಿನ ಕೋಟೆ, ಮೂರನೇ ದಿನ ಜಲದುರ್ಗ, ನಾಲ್ಕನೇ ದಿನ ಮಸ್ಕಿ. ಬಂದ ದಿನವೊಂದನ್ನು ಬಿಟ್ಟರೆ, ದೂರದ್ದು ಮೊದಲು, ಹತ್ತಿರದ್ದು ಆಮೇಲೆ ಎನ್ನುವುದು ಅವನ ತತ್ವ.

ಮೊದಲ ದಿನ ಸುಖವಾಗಿ ಕಳೆಯಿತು. ಗದ್ದೆಯಲ್ಲಿ ಭತ್ತ ತೆನೆ ಕಟ್ಟುತ್ತಿತ್ತು, ಗಾಳಿ ಬಂದಾಗಲೆಲ್ಲ ಹಸಿ ಅಕ್ಕಿಯ ವಾಸನೆ ಕ್ಯಾಬಿನ್ನಿನ ಒಳಗೇ ಬರುತ್ತಿತ್ತು. ಮೇಡಂ ಅವರ ಅತ್ತೆ, ಹಣೆತುಂಬ ವಿಭೂತಿ ಹಚ್ಚಿದ ಹಿರಿಯರು, ಬಿಸಿ ರೊಟ್ಟಿ, ಪುಂಡಿಪಲ್ಯ, ಮೊಸರು ಹೊತ್ತು ತಂದು ಅವ್ವನ ಹತ್ತಿರ ಕೂತು ಹರಟಿದರು. ನಾವು ಹೊಳೆಗೆ ಹೋಗಿ ಕಾಲು ನೆನೆಸಿದೆವು. ಗುಡಿಯ ಕಂಬಗಳ ಬಗ್ಗೆ ನಾನು ಪಾಠ ಶುರು ಮಾಡಿದ ಕೂಡಲೇ ಮಗಳು "ಮಮ್ಮಿ, ರಜೆ ಐತಿ" ಎಂದು ನೆನಪಿಸಿದಳು.

ಎರಡನೇ ದಿನ ನನ್ನ ಪುಟ್ಟ ಕಾರಿನಲ್ಲಿ ಮುದಗಲ್ಲಿಗೆ ಹೊರಟೆವು. ದಾರಿ ಮಸ್ಕಿಯ ಮೇಲೇ. ಗುಡ್ಡ ಕಂಡ ಕೂಡಲೇ ಅವ್ವ ಕಿಟಕಿಯ ಗಾಜು ಇಳಿಸಿದಳು.

"ಇಲ್ಲೇ ಜರಾ ನಿಲ್ಲಿಸಿದ್ರ ಆಗಂಗಿಲ್ಲೇನು?"

ಅಪ್ಪ ಮುಂದಿನ ಸೀಟಿನಿಂದ ತಿರುಗಿ ನೋಡಲೂ ಇಲ್ಲ. "ಇವತ್ತು ಮುದಗಲ್ಲು. ಮಸ್ಕಿ ನಾಕನೇ ದಿನ ಐತಿ. ಎರಡು ಸಾವಿರ ವರ್ಷದಿಂದ ಅಲ್ಲೇ ಕುಂತೈತಿ ಕಲ್ಲು, ಎರಡು ದಿನದಾಗ ಎಲ್ಲಿ ಓಡಿ ಹೋಗತೈತಿ?"

"ಕಲ್ಲು ಓಡಂಗಿಲ್ಲ. ನನ್ನ ಮೊಣಕಾಲು ಕಾಯಂಗಿಲ್ಲ" ಎಂದಳು ಅವ್ವ.

ಆಗ ನಾನು ಬ್ರೇಕ್ ಹಾಕಬೇಕಿತ್ತು. ಸ್ಟೀರಿಂಗ್ ನನ್ನ ಕೈಯಲ್ಲೇ ಇತ್ತಲ್ಲ! ಆದರೆ ಅಪ್ಪನ ಪಟ್ಟಿ ತಪ್ಪಿಸಿ ದಿನವಿಡೀ ಅವನ ಗೊಣಗಾಟ ಕೇಳುವ ಧೈರ್ಯ ಸಾಲಲಿಲ್ಲ, ಸುಮ್ಮನೆ ಮುಂದೆ ಹೋದೆ.

ಮುದಗಲ್ಲಿನ ಕೋಟೆ ಚೆನ್ನಾಗಿತ್ತು. ಕಂದಕದಲ್ಲಿ ನೀರಿತ್ತು, ದೊಡ್ಡ ಬಾಗಿಲುಗಳ ತಂಪಿನಲ್ಲಿ ಊರಿನವರು ಬೈಕು ನಿಲ್ಲಿಸಿಕೊಂಡು ಮಾತಾಡುತ್ತಿದ್ದರು. ಅಪ್ಪ ಪ್ರತಿ ಗೋಡೆಯನ್ನೂ ಬೆರಳಿನಿಂದ ತಟ್ಟಿ ಕಲ್ಲಿನ ಗುಣ ಹೇಳಿದ. ಎಲ್ಲ ಮೆಟ್ಟಿಲನ್ನೂ ಅವ್ವ ಹತ್ತಿದಳು, ಒಂದಕ್ಕೂ ಇಲ್ಲ ಎನ್ನಲಿಲ್ಲ. ಮರುದಿನ ಜಲದುರ್ಗದಲ್ಲಿ ಕೃಷ್ಣೆಯನ್ನು ಮೇಲಿನಿಂದ ನೋಡಲು ಹೋಗುವಾಗ ಅರ್ಧಕ್ಕೇ ಕೂತಳು. ಸಂಜೆ ಕ್ಯಾಬಿನ್ನಿಗೆ ಬರುವ ಹೊತ್ತಿಗೆ ಅವಳ ಬಲ ಮೊಣಕಾಲು ಊದಿತ್ತು. ಎರಡೂ ದಿನ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹೀಗೆ ನಾಲ್ಕು ಸಲ ನಾವು ಮಸ್ಕಿಯ ಗುಡ್ಡದ ಮುಂದೆಯೇ ಹಾದುಹೋದೆವು.

ಅಪ್ಪ ಅವಳ ಕಾಲಿಗೆ ಎಣ್ಣೆ ತಿಕ್ಕಿದ. ತಿಕ್ಕುತ್ತಲೇ ತೀರ್ಪು ಕೊಟ್ಟ. "ನಾಳೆ ಮಸ್ಕಿ ಕ್ಯಾನ್ಸಲ್. ಈ ಕಾಲಿಲೆ ಗುಡ್ಡ ಹತ್ತಂಗಿಲ್ಲ. ರೆಸ್ಟ್ ಮಾಡು. ಸೇಫ್ಟಿ ಮೊದಲು."

ಅವ್ವ ಅಳಲಿಲ್ಲ, ಜಗಳವಾಡಲಿಲ್ಲ. "ಆತು ತಗೋರಿ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನನಗೆ ಅಪ್ಪನ ಮೇಲೆ ಕೆಂಡದಂಥ ಸಿಟ್ಟು ಬಂತು. ಆದರೆ ಆ ಊದಿದ ಕಾಲು ನೋಡಿದರೆ ಅವನ ಮಾತು ತಪ್ಪು ಎನ್ನುವ ಹಾಗೂ ಇರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಅಪ್ಪ ಮತ್ತು ಮಗಳು ಬಿಲ್ಲೆ ಹಾಕಿ ಹೊಳೆಗೆ ಹೋದರು. ನಾನು ಬೋರ್ ನೀರಿನ ಹತ್ತಿರ ಬಟ್ಟೆ ಒಗೆಯಲು ಕೂತೆ. ಅವರಿಬ್ಬರೂ ಹನ್ನೊಂದಕ್ಕೆ ಬಂದು ತಮ್ಮ ತಮ್ಮ ಬಿಲ್ಲೆ ತೆಗೆದುಕೊಂಡರು, ನಾನೂ ಬಂದು ನನ್ನದನ್ನು ತೆಗೆದೆ. ಮೊಳೆಯಲ್ಲಿ ಒಂದನೇ ನಂಬರು ತೂಗುತ್ತಿತ್ತು. ಮೇಡಂ ಅವರ ಮನೆಗೆ ಮಜ್ಜಿಗೆ ತರಲು ಹೋಗಿರಬೇಕು ಎಂದುಕೊಂಡೆವು. ಹನ್ನೆರಡಾಯಿತು, ಬಿಲ್ಲೆ ಅಲ್ಲೇ ಇತ್ತು. ಫೋನು ಮಾಡಿದರೆ ದಿಂಬಿನ ಪಕ್ಕದಲ್ಲೇ ರಿಂಗಾಯಿತು.

ಮಗಳು ಬೇಸರಕ್ಕೆ ಆ ಬಿಲ್ಲೆಯ ಕಡೆ ಕೈ ಚಾಚಿದಳು.

"ಮುಟ್ಟಬ್ಯಾಡ!" ಅಪ್ಪ ಕೂಗಿದ ರಭಸಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಮೊಮ್ಮಗಳ ಮೇಲೆ ಅವನು ದನಿಯೆತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಲಗೆಯ ಕೆಳಗೆ ಹಾಕಿಕೊಂಡು ಕೂತುಬಿಟ್ಟ. ಊಟಕ್ಕೆ ಕರೆದೆ, ಬರಲಿಲ್ಲ.

"ಅಪ್ಪಾ, ಹುಡಕಾಕ ಹೋಗೂಣು ಏಳು."

"ಬಿಲ್ಲೆ ಮೊಳಿಯಾಗ ಇದ್ದಾಗ ಕಿಟಕಿಯಾಗ ಇದ್ದಾವ ಜಾಗ ಬಿಟ್ಟು ಏಳಬಾರದು."

"ನೀನು ಎದ್ದಿದ್ದಿಲ್ಲೇನು ಹಟ್ಟಿಯಾಗ? ಅವನ ಮನಿತನಕ ಹೋಗಿದ್ದಿಲ್ಲೇನು?" ಎಂದು ನಾನೂ ಬಿಡಲಿಲ್ಲ.

ಅಷ್ಟರಲ್ಲಿ ಮೇಡಂ ಅವರ ಅತ್ತೆ ಮಜ್ಜಿಗೆ ತಂಬಿಗೆ ಹಿಡಿದು ತಾವೇ ಬಂದರು. "ಯಾಕ್ರೀ ಅಣ್ಣಾರ, ಹಿಂಗ ಕುಂತೀರಿ? ಅಕ್ಕಾರು ಬರಲಿಲ್ಲೇನು ಇನ್ನಾ? ಮುಂಜಾನಿ ಸಿಂಧನೂರು ಬಸ್ ಹತ್ತಿದ್ರಲ್ಲ. ಎಲ್ಲಿಗೆ ಅಂದ್ರ, ಮಸ್ಕಿಗೆ ಅಂದ್ರು. ಆಧಾರ್ ಕಾರ್ಡು ಕೈಯಾಗ ಹಿಡಕೊಂಡಿದ್ರು. ಈಗ ಹೆಣ್ಮಕ್ಕಳಿಗೆ ಬಸ್ ಫ್ರೀ ಐತಲ್ಲ, ಯಾರ್ನ ಕೇಳಬೇಕು?"

ಅಪ್ಪ ಎದ್ದ. ನಾನು ಕೀಲಿ ಹುಡುಕುವಷ್ಟರಲ್ಲಿ ಕಾರಿನ ಪಕ್ಕದಲ್ಲಿ ನಿಂತು ಹಿಡಿಕೆ ಜಗ್ಗುತ್ತಿದ್ದ. ನಾನು ಅವಸರದಲ್ಲಿ ನನ್ನ ಬಿಲ್ಲೆ ಮೊಳೆಗೆ ಹಾಕಿದೆ, ಮಗಳೂ ಮೂಗು ಒರೆಸಿಕೊಳ್ಳುತ್ತ ತನ್ನದನ್ನು ಹಾಕಿದಳು.

ಸಿಂಧನೂರು ದಾಟಿದ ಮೇಲೆ ಅಪ್ಪ, "ಎರಡು ಬಸ್ ಬದಲಿ ಮಾಡ್ಯಾಳ, ಆ ಕಾಲಿಲೆ" ಎಂದ. ವಲಸೆ ಬಂದ ರೈತರ ಕ್ಯಾಂಪುಗಳು, ಅಕ್ಕಿ ಗಿರಣಿಗಳು, ಕಾಲುವೆಗಳು ಹಿಂದೆ ಸರಿದವು. ನನ್ನ ಸಿಟ್ಟು ಎಲ್ಲೋ ಇಳಿದುಹೋಗಿ ಬರೀ ಭಯ ಉಳಿದಿತ್ತು. ಬಂಡೆಗಳ ನಡುವೆ ಎಲ್ಲಿ ಜಾರಿ ಬಿದ್ದಿದ್ದಾಳೋ ಎಂಬ ಯೋಚನೆ ಬಿಟ್ಟರೆ ಬೇರೇನೂ ತಲೆಯಲ್ಲಿ ಓಡಲಿಲ್ಲ.

ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ ಮೇಲೆ ನೋಡಿದರೆ, ಅಗೋ, ಶಾಸನದ ಬಂಡೆ ಇನ್ನು ಏಳೆಂಟು ಮೆಟ್ಟಿಲಷ್ಟು ದೂರ ಇರುವಲ್ಲಿ ನೆರಳಿನಲ್ಲಿ ಒಂದು ಕಲ್ಲಿನ ಮೇಲೆ ನಮ್ಮ ಅವ್ವ! ಮಡಿಲಲ್ಲಿ ಒಗ್ಗರಣೆಯ ಪೊಟ್ಟಣ, ಪಕ್ಕದಲ್ಲಿ ಜಾಗ ನೋಡಿಕೊಳ್ಳುವ ಕಾವಲಿನವರು. ಇಬ್ಬರೂ ಮಿರ್ಚಿ ಬಜ್ಜಿ ತಿನ್ನುತ್ತಿದ್ದರು.

ಮಗಳು ಓಡಿದಳು. ನಾನೂ ಅಪ್ಪನೂ ಏದುಸಿರು ಬಿಡುತ್ತ ಹತ್ತಿದೆವು. ಬೈಯಬೇಕೆಂದು ಬಾಯಿ ತೆರೆದವಳು ಅವ್ವನ ಪಕ್ಕ ಕುಕ್ಕರಿಸಿ ಆ ಊದಿದ ಮೊಣಕಾಲು ಮುಟ್ಟಿ ನೋಡಿದೆ. ಅವ್ವ ಹತ್ತು ಹೆಜ್ಜೆಗೊಮ್ಮೆ ಕೂತು, ಕೂತು ಹತ್ತಿದಳಂತೆ. ಒಂದು ತಾಸು ಹಿಡಿಯಿತಂತೆ.

"ನೋಡಿದಿ ಏನು ಕಲ್ಲು?" ಎಂದು ಕೇಳಿದೆ.

"ಇಲ್ಲ. ಇವರು ಕೀಲಿ ತೆಗೀತೀನಿ ಬರ್ರಿ ಅಂದ್ರು, ನಾನs ಒಲ್ಲೆ ಅಂದೆ. ನಿಮ್ಮಪ್ಪ ಬರ್ಲಿ ಅಂತ ಕುಂತೀನಿ."

"ಅಪ್ಪ ಬರ್ತಾನ ಅಂತ ಯಾರು ಹೇಳಿದ್ರು ನಿನಗ?"

"ಬಿಲ್ಲೆ ಹಾಕಿ ಬಂದೀನಲ್ಲ" ಎಂದಳು ಅವ್ವ, ಅದರಲ್ಲೇನಿದೆ ಎನ್ನುವಂತೆ. "ಮೊಳಿಯಾಗ ಬಿಲ್ಲೆ ಇದ್ರ ಇವರು ಉಣ್ಣಂಗಿಲ್ಲ. ನನಗ ಗೊತ್ತಿಲ್ಲೇನು?"

ಅಪ್ಪನ ಮುಖ ನೋಡಬೇಕಿತ್ತು. ಬೈಯಲು ತಯಾರಾಗಿ ಬಂದಿದ್ದವನು ತೋಳು ಚಾಚಿದ. ಅವ್ವ ಅದನ್ನು ಹಿಡಿದು ಎದ್ದಳು. ಆ ಏಳೆಂಟು ಮೆಟ್ಟಿಲುಗಳನ್ನು ಇಬ್ಬರೂ ಒಂದೊಂದಾಗಿ ಹತ್ತಿದರು. ನಾನು ಹಿಂದಿನಿಂದ ಅವ್ವನ ಸೊಂಟಕ್ಕೆ ಕೈಕೊಟ್ಟೆ.

ಕಾವಲಿನವರು ಜಾಲರಿ ಬಾಗಿಲು ತೆರೆದರು. ಬಂಡೆಯ ನೆರಳಲ್ಲಿ, ಒರಟು ಕಲ್ಲಿನ ಮೈಮೇಲೆ ಸಣ್ಣ ಸಣ್ಣ ಅಕ್ಷರಗಳು. ಅಲ್ಲಲ್ಲಿ ಸವೆದಿವೆ, ಒಂದು ಕಡೆ ಕಲ್ಲೇ ಚಕ್ಕೆಯೆದ್ದಿದೆ. ಅವ್ವ ಚಪ್ಪಲಿ ಬಿಟ್ಟು ಕೈ ಮುಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಓದು."

"ಇದು ಬ್ರಾಹ್ಮಿ ಅವ್ವಾ. ನನಗ ಓದಾಕ ಬರಂಗಿಲ್ಲ."

"ಇಷ್ಟು ವರ್ಷ ಇದರ ಪಾಠ ಮಾಡೀಯಲ್ಲ?"

"ಪಾಠ ಮಾಡೀನಿ, ಲಿಪಿ ಬರಂಗಿಲ್ಲ."

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಸ್ಸಿನ ಬೋರ್ಡನ್ನು ಇಂದಿಗೂ ಯಾರನ್ನಾದರೂ ಕೇಳಿಯೇ ಹತ್ತುತ್ತಾಳೆ. ಒಂದು ಕ್ಷಣ ನನ್ನನ್ನು ದಿಟ್ಟಿಸಿ ನೋಡಿ, ಆಮೇಲೆ ಬಾಯ್ತುಂಬ ನಕ್ಕಳು. "ಹಂಗಾರ ಇಲ್ಲಿ ನಾವಿಬ್ರೂ ಒಂದs ಕ್ಲಾಸು!"

ನಾನೂ ನಕ್ಕೆ. ನಗುತ್ತಲೇ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಅವಳನ್ನು ಇಲ್ಲಿಗೆ ಕರೆತರದೆ ಇದ್ದದ್ದಕ್ಕೆ ನಿಜವಾಗಿಯೂ ನಾಚಿಕೆಯಾಯಿತು.

ಓದಲು ಬರದಿದ್ದರೂ ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು, ಹೇಳಿದೆ. ಧರ್ಮದ ದಾರಿಯಲ್ಲಿ ನಡೆದರೆ ಸಿಗುವುದು ದೊಡ್ಡವರಿಗೆ ಮಾತ್ರ ಎಂದುಕೊಳ್ಳಬೇಡಿ, ಸಣ್ಣವರಿಗೂ ಅದು ಸಿಗುತ್ತದೆ, ಇದನ್ನು ದೊಡ್ಡವರಿಗೂ ಸಣ್ಣವರಿಗೂ ತಿಳಿಸಿ ಎಂದು ರಾಜ ಬರೆಸಿದ್ದಾನೆ ಎಂದೆ.

ಅವ್ವ ತಲೆಯಾಡಿಸಿದಳು. "ಖರೇ ಐತಿ. ಆದ್ರ ಸಣ್ಣವ್ರಿಗೆ ಸಿಗಬೇಕಾದ್ರ ಎರಡು ಬಸ್ ಬದಲಿ ಮಾಡಬೇಕಾಗತೈತಿ ಅಂತನೂ ಬರಸಬೇಕಿತ್ತು."

ಕಾವಲಿನವರು ಮನಸಾರೆ ನಕ್ಕರು. ಅಪ್ಪ ನಗಲಿಲ್ಲ. ಬಂಡೆಯ ಮುಂದೆ ನಿಂತು ಅಕ್ಷರ ಕೊರೆದ ಆಳವನ್ನು ನೋಡುತ್ತಿದ್ದ. ಕಲ್ಲು ಕಂಡರೆ ಬೆರಳಿನಿಂದ ತಟ್ಟುವ ಮನುಷ್ಯ, ಇದನ್ನು ಮಾತ್ರ ಮುಟ್ಟಲಿಲ್ಲ. ಯಾರ ಕಡೆಗೂ ನೋಡದೆ, "ಆವತ್ತs ಕರಕೊಂಡು ಬರಬೇಕಿತ್ತು. ಒಂದು ಶಿಫ್ಟ್ ಹೋಗಿದ್ರ ಏನಾಗತಿತ್ತು" ಎಂದ.

ಇಳಿಯಲು ತಿರುಗಿದಾಗ ಅವ್ವನಿಗೆ ಏನೋ ನೆನಪಾಗಿ ನಿಂತಳು.

"ಅಲ್ರೀ, ನಿಮ್ಮ ಬಿಲ್ಲೆ ಹಾಕಿ ಬಂದೀರೇನು?"

ಅಪ್ಪನ ಕೈ ಅಂಗಿಯ ಜೇಬಿಗೆ ಹೋಯಿತು. ಅಲ್ಲೇ ಉಳಿಯಿತು. ನಿಧಾನವಾಗಿ ಹೊರಗೆ ತೆಗೆದ. ಎರಡನೇ ನಂಬರು ಅವನ ಅಂಗೈಯಲ್ಲಿತ್ತು. ಮೂವತ್ತು ಚಿಲ್ಲರೆ ವರ್ಷದಲ್ಲಿ ಒಂದು ದಿನವೂ ಬಿಲ್ಲೆ ಮರೆಯದವನು, ಮರೆತವನನ್ನು ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿ ತಂದವನು, ಬಿಲ್ಲೆ ಹಾಕದೆ ಬಂದಿದ್ದ.

"ಮರತೆ" ಎಂದ. ದನಿ ಸಣ್ಣದಾಗಿತ್ತು.

ಅವ್ವ ನಗಾಡುತ್ತಾಳೆ ಎಂದುಕೊಂಡೆ. ಆದರೆ ಅವಳು ನಗಲಿಲ್ಲ. ಅವನ ಅಂಗೈಯಿಂದ ಬಿಲ್ಲೆ ತೆಗೆದುಕೊಂಡು, ಸೆರಗಿನ ತುದಿಯಲ್ಲಿಟ್ಟು, ಬಿಗಿಯಾಗಿ ಗಂಟು ಹಾಕಿದಳು.

"ಇದು ನನ್ನ ಹತ್ರ ಇರ್ಲಿ" ಎಂದಳು. "ಕೆಳಗ ಇಳದ ಮ್ಯಾಲೆ ಕೊಡ್ತೀನಿ."

ಒಬ್ಬರ ಬಿಲ್ಲೆ ಇನ್ನೊಬ್ಬರು ಮುಟ್ಟಕೂಡದು ಎಂದವನು ಅವಳಿಗೆ ತೋಳು ಕೊಟ್ಟು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ.